ಮುಕ್ಕಾಲು ಡಾಲರಿನ ಲೆಕ್ಕ ತಪ್ಪಿದಾಗ

ಹಿಂದೆ ಹಳ್ಳಿಗಳಲ್ಲಿ ಶಾನುಭೋಗರಿದ್ದರು. ಕಂದಾಯದ ಲೆಕ್ಕದಲ್ಲಿ ಮೂರು ಕಾಸು ವ್ಯತ್ಯಾಸ ಬಂದರೂ ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದು ಹಿರಿಯರು ಹೇಳುವುದುಂಟು. ಮೂರು ಕಾಸಿನಿಂದ ಸರಕಾರವೇನೂ ಮುಳುಗುತ್ತಿರಲಿಲ್ಲ. ಆದರೆ ತಾಳೆಯಾಗದ ಆ ಮೂರು ಕಾಸಿನ ಹಿಂದೆ ಏನು ಅಡಗಿದೆಯೋ ಎಂಬ ಶಂಕೆ ಅವರನ್ನು ಕಾಡುತ್ತಿತ್ತು. ಅಂಥ ಶಂಕೆ ಎಷ್ಟು ಬೆಲೆಬಾಳುವಂಥದ್ದು ಎಂಬುದಕ್ಕೆ ಕಂಪ್ಯೂಟರ್ ಯುಗದಲ್ಲೇ ಒಂದು ಸೊಗಸಾದ ಉದಾಹರಣೆ ಇದೆ.

1986ರ ಆಗಸ್ಟ್ ತಿಂಗಳು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಇದ್ದರು. ದೂರದರ್ಶಕದ ಕೆಲಸಕ್ಕೆಂದು ಬಂದ ಹಣ ಮುಗಿದಿದ್ದರಿಂದ ಅವರನ್ನು ಅಲ್ಲಿಯ ಕಂಪ್ಯೂಟರ್ ವಿಭಾಗಕ್ಕೆ ಕಳಿಸಿದ್ದರು. ಆಗ ಕಂಪ್ಯೂಟರ್ ಎಂದರೆ ಮೇಜಿಗೊಂದರಂತೆ ಇರುವ ವಸ್ತುವಲ್ಲ. ಒಂದೇ ದೊಡ್ಡ ಯಂತ್ರವನ್ನು ಹತ್ತಾರು ಇಲಾಖೆಯವರು ಹಂಚಿಕೊಂಡು ಬಳಸಬೇಕು. ಬಳಸಿದ ಸಮಯಕ್ಕೆ ತಕ್ಕಂತೆ ಇಲಾಖೆಗೆ ಬಿಲ್ಲು ಹೋಗಬೇಕು. ಈ ಲೆಕ್ಕ ಇಡಲು ಅಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿದ್ದವು. ತಿಂಗಳ ಕೊನೆಯಲ್ಲಿ ಎರಡನ್ನೂ ತಾಳೆ ನೋಡಿದರೆ 75 ಸೆಂಟಿನ ವ್ಯತ್ಯಾಸ! ಹೊಸದಾಗಿ ಬಂದ ಸ್ಟಾಲ್ ಅವರಿಗೆ ಹಿರಿಯ ಸಹೋದ್ಯೋಗಿ ವಹಿಸಿದ ಮೊದಲ ಕೆಲಸವೇ ಇದು: ಆ ಮುಕ್ಕಾಲು ಡಾಲರು ಎಲ್ಲಿ ಹೋಯಿತು, ಪತ್ತೆ ಮಾಡಿ.

ಬೇರೆ ಯಾರಾದರೂ ಆಗಿದ್ದರೆ ಕಿಸೆಯಿಂದ ಮುಕ್ಕಾಲು ಡಾಲರು ತೆಗೆದಿಟ್ಟು ಕೈ ತೊಳೆದುಕೊಳ್ಳುತ್ತಿದ್ದರೇನೋ. ಸ್ಟಾಲ್ ಹಾಗೆ ಮಾಡಲಿಲ್ಲ. ಲೆಕ್ಕದ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಓದಿದರು. ಅವುಗಳಲ್ಲಿ ತಪ್ಪಿರಲಿಲ್ಲ. ಕೊನೆಗೆ ಸಿಕ್ಕಿದ್ದು 'ಹಂಟರ್' ಎಂಬ ಹೆಸರಿನ ಒಂದು ಖಾತೆ. ಆ ಹೆಸರಿನವರು ಅಲ್ಲಿ ಯಾರೂ ಇರಲಿಲ್ಲ. ಖಾತೆಗೆ ಬಿಲ್ಲು ಕಳಿಸುವ ವಿಳಾಸವೂ ಇರಲಿಲ್ಲ. ಯಾರೋ ಹೊರಗಿನವರು ಕೆಲವೇ ಕ್ಷಣಗಳ ಕಾಲ ಯಂತ್ರವನ್ನು ಬಳಸಿದ್ದರು, ದುಡ್ಡು ಕೊಟ್ಟಿರಲಿಲ್ಲ. ಮನೆಯೊಳಗೆ ಕಳ್ಳ ಹೊಕ್ಕಿದ್ದ.

ಖಗೋಳ ವಿಜ್ಞಾನಿಯ ಪತ್ತೇದಾರಿಕೆ

ಕಳ್ಳ ಬಂದಿದ್ದಾನೆಂದು ತಿಳಿದರೆ ಯಾರಾದರೂ ಮೊದಲು ಮಾಡುವ ಕೆಲಸ ಬಾಗಿಲು ಹಾಕುವುದು. ಸ್ಟಾಲ್ ಮಾಡಿದ್ದು ಅದಕ್ಕೆ ವಿರುದ್ಧ. ನಕ್ಷತ್ರವನ್ನು ನೋಡುವವನು ನಕ್ಷತ್ರದ ಕೈ ಹಿಡಿಯಲಾರ. ದೂರದಲ್ಲೇ ನಿಂತು ತಾಳ್ಮೆಯಿಂದ ನೋಡಬೇಕು, ನೋಡಿದ್ದನ್ನೆಲ್ಲ ಹೊತ್ತು ಸಮೇತ ಬರೆದಿಡಬೇಕು. ಕಳ್ಳನನ್ನೂ ಹಾಗೆಯೇ ನೋಡೋಣ ಎಂದು ಅವರು ನಿರ್ಧರಿಸಿದರು.

ಹೊರಗಿನಿಂದ ಆ ಯಂತ್ರಕ್ಕೆ ಸುಮಾರು ಐವತ್ತು ತಂತಿಗಳು ಬರುತ್ತಿದ್ದವು. ಕಳ್ಳ ಯಾವುದರಲ್ಲಿ ಬರುತ್ತಾನೋ ಗೊತ್ತಿಲ್ಲ. ಒಂದು ಶುಕ್ರವಾರ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಸ್ಟಾಲ್ ಸಹೋದ್ಯೋಗಿಗಳ ಮೇಜಿನಿಂದ ಟರ್ಮಿನಲ್ಲುಗಳನ್ನೂ ಪ್ರಿಂಟರುಗಳನ್ನೂ ಹೊತ್ತು ತಂದು ಒಂದೊಂದು ತಂತಿಗೂ ಒಂದೊಂದನ್ನು ಜೋಡಿಸಿದರು. ಆ ವಾರಾಂತ್ಯದಲ್ಲೇ ಕಳ್ಳ ಬಂದ. ಅವನು ಒತ್ತಿದ ಒಂದೊಂದು ಅಕ್ಷರವೂ ಕಾಗದದ ಮೇಲೆ ಮೂಡಿತು. ಟಪಾಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಒಂದು ಸಣ್ಣ ಪ್ರೋಗ್ರಾಮಿನ ದೋಷವನ್ನು ಬಳಸಿಕೊಂಡು ಅವನು ಇಡೀ ಯಂತ್ರದ ಯಜಮಾನನೇ ಆಗಿದ್ದ.

ಮುಂದಿನ ಸುಮಾರು ಹತ್ತು ತಿಂಗಳು ಇದೇ ಕೆಲಸ. ಕಳ್ಳ ಬಂದದ್ದು ಎಷ್ಟು ಗಂಟೆಗೆ, ಹೋದದ್ದು ಎಷ್ಟು ಗಂಟೆಗೆ, ಯಾವ ಕಡತ ತೆರೆದ, ಯಾವ ಪದ ಹುಡುಕಿದ, ಮುಂದೆ ಯಾವ ಯಂತ್ರದ ಬಾಗಿಲು ತಟ್ಟಿದ, ಎಲ್ಲವೂ ಸ್ಟಾಲ್ ಅವರ ದಿನಚರಿಯಲ್ಲಿ ದಾಖಲಾಗುತ್ತ ಹೋಯಿತು. ಆತ ಹುಡುಕುತ್ತಿದ್ದ ಪದಗಳ ಪಟ್ಟಿಯನ್ನು ನೋಡಿದಾಗ ಇದು ಹುಡುಗಾಟವಲ್ಲ ಎಂಬುದು ಸ್ಪಷ್ಟವಾಯಿತು. ಅಣ್ವಸ್ತ್ರ, ಆಗ ಅಮೆರಿಕ ಯೋಜಿಸುತ್ತಿದ್ದ ಅಂತರಿಕ್ಷ ರಕ್ಷಣಾ ಯೋಜನೆ, ಇಂಥ ಪದಗಳೇ ಪಟ್ಟಿಯ ತುಂಬ ಇದ್ದವು.

ಗಡಿಯಾರ ಬಿಟ್ಟುಕೊಟ್ಟ ಗುಟ್ಟು

ಇಲ್ಲಿಯವರೆಗಿನದು ದಾಖಲೆ. ಬರೀ ದಾಖಲೆಯಿಂದ ಏನೂ ತಿಳಿಯುವುದಿಲ್ಲ. ಅದಕ್ಕೆ ಪ್ರಶ್ನೆ ಕೇಳಬೇಕು. ಇದನ್ನೇ ದತ್ತಾಂಶ ವಿಶ್ಲೇಷಣೆ ಎನ್ನುವುದು.

ಸ್ಟಾಲ್ ಕೇಳಿದ ಒಂದು ಪ್ರಶ್ನೆ ತೀರ ಸರಳ: ಈತ ದಿನದ ಯಾವ ಹೊತ್ತಿನಲ್ಲಿ ಬರುತ್ತಾನೆ? ಲೆಕ್ಕ ಹಾಕಿದರೆ ಹೆಚ್ಚಾಗಿ ಕ್ಯಾಲಿಫೋರ್ನಿಯಾದ ನಡುಹಗಲು. ಇದು ವಿಚಿತ್ರ. ಕದ್ದು ನುಗ್ಗುವವರು ಸಾಮಾನ್ಯವಾಗಿ ರಾತ್ರಿ ಬರಬೇಕು. ಹಗಲು ಓದೋ ಉದ್ಯೋಗವೋ ಇರುತ್ತದೆ, ಟೆಲಿಫೋನ್ ದರವೂ ರಾತ್ರಿಯೇ ಕಡಿಮೆ. ಹಾಗಾದರೆ ಈತನಿಗೆ ಅದು ರಾತ್ರಿಯೇ ಆಗಿರಬಹುದಲ್ಲವೇ? ಕ್ಯಾಲಿಫೋರ್ನಿಯಾದಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಜರ್ಮನಿಯಲ್ಲಿ ರಾತ್ರಿ ಒಂಬತ್ತು. ಕಳ್ಳ ಅಮೆರಿಕದವನೇ ಅಲ್ಲ, ಪೂರ್ವದಲ್ಲಿ ಬಹುದೂರ ಇರುವವನು ಎಂಬ ಊಹೆ ಗಟ್ಟಿಯಾಗತೊಡಗಿತು. ಭೂಗೋಳದ ತರಗತಿಯಲ್ಲಿ ರೇಖಾಂಶ ಮತ್ತು ವೇಳೆಯ ಲೆಕ್ಕ ಮಾಡುವಾಗ 'ಇದರಿಂದ ಏನು ಪ್ರಯೋಜನ' ಎಂದು ಗೊಣಗುವ ಮಕ್ಕಳಿಗೆ ಈ ಪ್ರಸಂಗವನ್ನು ಹೇಳಬಹುದು.

ಟೆಲಿಫೋನ್ ಜಾಡು ಹಿಡಿದು ಹೊರಟವರಿಗೆ ಜಾಡು ಸಿಕ್ಕಿದ್ದು ಪಶ್ಚಿಮ ಜರ್ಮನಿಯಲ್ಲೇ. ಆದರೆ ಕರೆಯ ಮೂಲ ಹುಡುಕಲು ಕಳ್ಳ ಹೆಚ್ಚು ಹೊತ್ತು ತಂತಿಯ ಮೇಲೆ ಇರಬೇಕಿತ್ತು. ಅದಕ್ಕಾಗಿ ಸ್ಟಾಲ್ ಒಂದು ಬೋನು ಒಡ್ಡಿದರು. ಪ್ರಯೋಗಾಲಯದಲ್ಲಿ ರಕ್ಷಣಾ ಯೋಜನೆಯ ಹೊಸ ಇಲಾಖೆಯೊಂದು ಶುರುವಾಗಿದೆ ಎಂಬಂತೆ ಸುಳ್ಳು ಕಡತಗಳನ್ನು ರಾಶಿ ಹಾಕಿದರು. ಕಳ್ಳ ಆಸೆಯಿಂದ ಅವನ್ನೆಲ್ಲ ಓದುತ್ತ ಕುಳಿತ. ಇತ್ತ ಜರ್ಮನಿಯ ಅಂಚೆ ಇಲಾಖೆಯವರು ಹ್ಯಾನೋವರ್ ನಗರದ ಒಂದು ಮನೆಯವರೆಗೆ ತಂತಿಯನ್ನು ಹಿಂಬಾಲಿಸಿದರು. ಸಿಕ್ಕಿದವನು ಮಾರ್ಕುಸ್ ಹೆಸ್. ಕದ್ದ ಮಾಹಿತಿಯನ್ನು ಆಗಿನ ಸೋವಿಯತ್ ಒಕ್ಕೂಟದ ಗೂಢಚಾರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದ ಗುಂಪಿಗೆ ಸೇರಿದವನು. 1990ರಲ್ಲಿ ಜರ್ಮನಿಯ ನ್ಯಾಯಾಲಯ ಗೂಢಚರ್ಯೆಯ ಅಪರಾಧ ಸಾಬೀತಾಗಿದೆಯೆಂದು ತೀರ್ಪು ಕೊಟ್ಟಿತು.

ಆತ ಸುಮಾರು 450 ಕಂಪ್ಯೂಟರುಗಳ ಬಾಗಿಲು ತಟ್ಟಿದ್ದ. ಮೂವತ್ತಕ್ಕೂ ಹೆಚ್ಚು ಯಂತ್ರಗಳು ಬಾಗಿಲು ತೆರೆದಿದ್ದವು ಎಂದು ಸ್ಟಾಲ್ 1988ರಲ್ಲಿ ತಮ್ಮ ಪ್ರಬಂಧದಲ್ಲಿ ಬರೆದರು. ಎಷ್ಟೋ ಕಡೆ ದೊಡ್ಡ ಜಾಣತನವೇನೂ ಬೇಕಾಗಿರಲಿಲ್ಲ. ಯಂತ್ರ ತಯಾರಿಸಿದವರು ಕೊಟ್ಟು ಕಳಿಸಿದ ಪಾಸ್‌ವರ್ಡನ್ನು ಕೊಂಡವರು ಬದಲಾಯಿಸಿಯೇ ಇರಲಿಲ್ಲ. ಬೀಗ ಕೊಂಡು ತಂದು, ಬೀಗದ ಕೈಯನ್ನು ಅದರಲ್ಲೇ ಬಿಟ್ಟಂತೆ.

ಅಂಕಿ ಮುಚ್ಚಿಟ್ಟದ್ದನ್ನು ಚಿತ್ರ ತೋರಿಸುತ್ತದೆ

ಸ್ಟಾಲ್ ಅವರ ಮುಂದೆ ಇದ್ದವನು ಒಬ್ಬ ಕಳ್ಳ, ಕೈಯಲ್ಲಿದ್ದುದು ಒಂದು ದಿನಚರಿ. ಇಂದು ಒಂದು ಸಾಧಾರಣ ಬ್ಯಾಂಕಿನ ಕಂಪ್ಯೂಟರುಗಳು ದಿನವೊಂದಕ್ಕೆ ಬರೆದಿಡುವ ದಾಖಲೆಯನ್ನು ಒಬ್ಬ ಮನುಷ್ಯ ಕೂತು ಓದಿ ಮುಗಿಸುವಂತಿಲ್ಲ. ಹಾಗಾಗಿ ಅಂಕಿಗಳನ್ನು ಚಿತ್ರವಾಗಿಸುವ ವಿದ್ಯೆಗೆ ಮಹತ್ವ ಬಂದಿದೆ.

ಚಿತ್ರದ ಶಕ್ತಿ ಏನೆಂದು ತಿಳಿಯಲು 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೊಂಬ್ ಎಂಬ ಸಂಖ್ಯಾಶಾಸ್ತ್ರಜ್ಞರು ಕೊಟ್ಟ ಉದಾಹರಣೆ ನೋಡಬೇಕು. ಅವರು ಹನ್ನೊಂದು ಹನ್ನೊಂದು ಜೋಡಿ ಅಂಕಿಗಳಿರುವ ನಾಲ್ಕು ಪಟ್ಟಿಗಳನ್ನು ಮಾಡಿದರು. ನಾಲ್ಕರಲ್ಲೂ ಜೋಡಿಯ ಮೊದಲ ಅಂಕಿಗಳ ಸರಾಸರಿ 9, ಎರಡನೆಯವುಗಳ ಸರಾಸರಿ 7.5. ಲೆಕ್ಕದ ಪ್ರಕಾರ ನಾಲ್ಕೂ ಅವಳಿ ಜವಳಿ ಎನ್ನಬೇಕು. ಆದರೆ ಗ್ರಾಫ್ ಕಾಗದದ ಮೇಲೆ ಚುಕ್ಕಿ ಇಟ್ಟರೆ ಒಂದು ಪಟ್ಟಿ ಓರೆ ಗೆರೆಯ ಸುತ್ತ ಚದುರುತ್ತದೆ, ಇನ್ನೊಂದು ಕಮಾನಿನಂತೆ ಬಾಗುತ್ತದೆ, ಮೂರನೆಯದು ನೇರ ಗೆರೆಯಾಗಿ ನಿಂತು ಒಂದೇ ಒಂದು ಚುಕ್ಕಿ ಮಾತ್ರ ಗುಂಪು ಬಿಟ್ಟು ಓಡುತ್ತದೆ, ನಾಲ್ಕನೆಯದರಲ್ಲಿ ಹತ್ತು ಚುಕ್ಕಿಗಳು ಕಂಬದಂತೆ ನಿಂತು ಹನ್ನೊಂದನೆಯದು ದೂರದಲ್ಲಿ ಒಂಟಿಯಾಗಿರುತ್ತದೆ. ಸರಾಸರಿ ಮುಚ್ಚಿಟ್ಟದ್ದನ್ನು ಕಣ್ಣು ಒಂದೇ ನೋಟಕ್ಕೆ ಹಿಡಿಯುತ್ತದೆ. ಗುಂಪು ಬಿಟ್ಟು ಓಡಿದ ಆ ಚುಕ್ಕಿಯೇ ಭದ್ರತೆ ನೋಡಿಕೊಳ್ಳುವವರಿಗೆ ಬೇಕಾದದ್ದು.

ಕಂಪ್ಯೂಟರಿನಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ? ಜಾಲಕ್ಕೆ ಸೇರಿದ ಯಂತ್ರಕ್ಕೆ 'ಪೋರ್ಟ್' ಎಂಬ 65,536 ಬಾಗಿಲುಗಳಿವೆ ಎಂದುಕೊಳ್ಳಬಹುದು. ಟಪಾಲಿಗೆ ಒಂದು ಬಾಗಿಲು, ಜಾಲತಾಣಕ್ಕೆ ಇನ್ನೊಂದು, ಹೀಗೆ. ಗ್ರಾಫಿನ ಅಡ್ಡ ಗೆರೆಯಲ್ಲಿ ಹೊತ್ತು, ನಿಂತ ಗೆರೆಯಲ್ಲಿ ಬಾಗಿಲಿನ ಸಂಖ್ಯೆ ಇಟ್ಟು, ಪ್ರತಿ ಸಲ ಬಾಗಿಲು ತಟ್ಟಿದಾಗ ಒಂದು ಚುಕ್ಕಿ ಹಾಕಬೇಕು. ಮಾಮೂಲಿ ದಿನದಲ್ಲಿ ಬಳಕೆಯ ಕೆಲವೇ ಬಾಗಿಲುಗಳ ಎದುರಿಗೆ ಚುಕ್ಕಿಗಳು ಅಡ್ಡ ಸಾಲಾಗಿ ಮೂಡುತ್ತವೆ. ಯಾರಾದರೂ ಯಾವ ಬಾಗಿಲು ತೆರೆದಿದೆಯೆಂದು ಒಂದರಿಂದ ಶುರುಮಾಡಿ ಒಂದೊಂದನ್ನೇ ತಳ್ಳಿ ನೋಡುತ್ತಿದ್ದರೆ ಚುಕ್ಕಿಗಳು ಮೆಟ್ಟಿಲು ಹತ್ತಿದಂತೆ ಓರೆಯಾಗಿ ಮೇಲೇರುತ್ತವೆ. ಸಾವಿರಾರು ಸಾಲುಗಳ ದಾಖಲೆಯಲ್ಲಿ ಹೂತುಹೋಗಿದ್ದ ಕಳ್ಳ, ಚಿತ್ರದಲ್ಲಿ ಒಂದು ಓರೆ ಗೆರೆಯಾಗಿ ಎದ್ದು ನಿಲ್ಲುತ್ತಾನೆ.

ಈ ವಿದ್ಯೆಯ ಬೇರು ಕಂಪ್ಯೂಟರಿಗಿಂತ ಹಳೆಯದು. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಬಂದು ಆರುನೂರಕ್ಕೂ ಹೆಚ್ಚು ಮಂದಿ ಸತ್ತರು. ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋದರು. ಗುರುತುಗಳು ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಊರೆಲ್ಲ ನಂಬಿದ್ದಾಗ, ನೀರಿನ ಕಡೆಗೆ ಬೆರಳು ತೋರಿಸಲು ಆ ಚುಕ್ಕಿಗಳೂ ನೆರವಾದವು.

ಯಾರೂ ಇಲ್ಲದ ಮನೆಯ ಬಾಗಿಲು

2001ರ ಜುಲೈ 19ರಂದು 'ಕೋಡ್ ರೆಡ್' ಎಂಬ ಕಂಪ್ಯೂಟರ್ ಹುಳು ಇಂಟರ್‌ನೆಟ್ಟಿನಲ್ಲಿ ಹಬ್ಬಿತು. ಹದಿನಾಲ್ಕು ಗಂಟೆಯೂ ಆಗಿರಲಿಲ್ಲ, ಮೂರು ಲಕ್ಷ ಐವತ್ತೊಂಬತ್ತು ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ತಗುಲಿತ್ತು. ಇಷ್ಟು ಕರಾರುವಾಕ್ಕಾಗಿ ಎಣಿಸಿದವರಾದರೂ ಹೇಗೆ?

ಅಮೆರಿಕದ ಸ್ಯಾನ್ ಡಿಯಾಗೋದ ಸಂಶೋಧಕರು ಒಂದು ಉಪಾಯ ಮಾಡಿದ್ದರು. ಇಂಟರ್‌ನೆಟ್ಟಿನಲ್ಲಿ ಯಾರೂ ಬಳಸದ ವಿಳಾಸಗಳ ದೊಡ್ಡದೊಂದು ಹರವು ಅವರ ಬಳಿ ಇತ್ತು. ಯಾರೂ ವಾಸವಿಲ್ಲದ ಮನೆಗೆ ಕಾಗದ ಬರಬೇಕಾದ ಕಾರಣವಿಲ್ಲ. ಆದರೂ ಯಾರಾದರೂ ಬಾಗಿಲು ತಟ್ಟಿದರೆ ಅವರು ದಾರಿ ತಪ್ಪಿದವರು, ಇಲ್ಲವೇ ಬೀದಿಯ ಎಲ್ಲ ಬಾಗಿಲುಗಳನ್ನೂ ತಟ್ಟುತ್ತ ಬಂದವರು. ಹುಳು ಹತ್ತಿದ ಯಂತ್ರಗಳು ಸಿಕ್ಕಸಿಕ್ಕ ವಿಳಾಸವನ್ನೆಲ್ಲ ತಟ್ಟುತ್ತವಲ್ಲ, ಹಾಗೆ ತಟ್ಟಿದವರ ಪಟ್ಟಿ ಮಾಡಿದರೆ ಸೋಂಕಿನ ಲೆಕ್ಕ ತಾನೇ ಸಿಗುತ್ತದೆ. ಸ್ಟಾಲ್ ಕೆಲಸ ಮಾಡಿದ್ದ ಬರ್ಕಲಿ ಪ್ರಯೋಗಾಲಯದ ದಾಖಲೆಗಳೂ ಈ ಲೆಕ್ಕಕ್ಕೆ ಒದಗಿಬಂದವು. ಆ ಅಂಕಿಗಳನ್ನು ಪ್ರಪಂಚದ ನಕ್ಷೆಯ ಮೇಲೆ ಚಲನಚಿತ್ರವಾಗಿ ಮೂಡಿಸಿದಾಗ ಸಣ್ಣ ಚುಕ್ಕಿಗಳು ಊದುತ್ತ ಖಂಡಗಳನ್ನೇ ಮುಚ್ಚುವುದನ್ನು ಯಾರು ಬೇಕಾದರೂ ನೋಡಿ ಅರ್ಥ ಮಾಡಿಕೊಳ್ಳಬಹುದಾಯಿತು.

ಇದರಲ್ಲಿ ನೋವಿನ ಸಂಗತಿ ಇನ್ನೊಂದಿದೆ. ಆ ಹುಳು ನುಗ್ಗಿದ ತೂತನ್ನು ಮುಚ್ಚುವ ತೇಪೆಯನ್ನು ತಯಾರಕರು ಒಂದು ತಿಂಗಳ ಮೊದಲೇ ಬಿಡುಗಡೆ ಮಾಡಿದ್ದರು. ಹಾಕಿಕೊಳ್ಳಬೇಕಾದವರು ಹಾಕಿಕೊಂಡಿರಲಿಲ್ಲ.

ಸುಳ್ಳು ಗಂಟೆಯ ಕಾಟ

ಹಾಗಾದರೆ ಎಲ್ಲವನ್ನೂ ಯಂತ್ರಕ್ಕೇ ಒಪ್ಪಿಸಿ ನಿಶ್ಚಿಂತೆಯಿಂದ ಇರಬಹುದೇ? ಒಂದು ಸಣ್ಣ ಲೆಕ್ಕ ಮಾಡಿ ನೋಡಬೇಕು. ಒಂದು ಬ್ಯಾಂಕಿನಲ್ಲಿ ದಿನಕ್ಕೆ ಹತ್ತು ಲಕ್ಷ ವ್ಯವಹಾರ ನಡೆಯುತ್ತದೆ, ಅದರಲ್ಲಿ ನೂರು ಮಾತ್ರ ಮೋಸದವು ಎಂದು ಇಟ್ಟುಕೊಳ್ಳೋಣ. ಮೋಸ ಹಿಡಿಯುವ ಪ್ರೋಗ್ರಾಮು ಬಹಳ ಚುರುಕು: ನೂರು ಮೋಸದಲ್ಲಿ 99 ಹಿಡಿಯುತ್ತದೆ, ಪ್ರಾಮಾಣಿಕ ವ್ಯವಹಾರ ನೂರು ಬಂದರೆ ಒಂದನ್ನು ಮಾತ್ರ ತಪ್ಪಾಗಿ ಶಂಕಿಸುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಉಳಿದ 9,99,900 ಪ್ರಾಮಾಣಿಕ ವ್ಯವಹಾರಗಳಲ್ಲಿ ನೂರಕ್ಕೆ ಒಂದರಂತೆ 9,999 ಸುಳ್ಳು ಗಂಟೆ ಬಾರಿಸುತ್ತವೆ. ಒಟ್ಟು 10,098 ಗಂಟೆಗಳಲ್ಲಿ ನಿಜವಾದವು 99. ಅಂದರೆ ನೂರು ಸಲ ಗಂಟೆ ಬಾರಿಸಿದರೆ ನಿಜವಾದ ಕಳ್ಳ ಸಿಗುವುದು ಸುಮಾರು ಒಂದು ಸಲ!

'ತೋಳ ಬಂತು ತೋಳ' ಎಂದು ದಿನವೂ ಕೂಗಿದರೆ ನಿಜವಾಗಿ ತೋಳ ಬಂದ ದಿನ ಯಾರು ಓಡಿಬರುತ್ತಾರೆ? ಯಂತ್ರ ಶಂಕೆಯನ್ನು ಹೇಳಬಲ್ಲದು. ತೀರ್ಪು ಕೊಡಲು ಸಂದರ್ಭ ಬಲ್ಲ ಮನುಷ್ಯನೇ ಬೇಕು. ಗ್ರಾಫಿನಲ್ಲಿ ಗುಂಪು ಬಿಟ್ಟ ಚುಕ್ಕಿ ಕಳ್ಳನೇ ಆಗಬೇಕೆಂದಿಲ್ಲ. ಮಗಳ ಮದುವೆಗೆಂದು ಒಂದೇ ದಿನ ದೊಡ್ಡ ಮೊತ್ತ ತೆಗೆದ ತಂದೆಯೂ ಆಗಿರಬಹುದು.

ಚಿತ್ರವೇ ಗುಟ್ಟು ಬಿಟ್ಟುಕೊಟ್ಟಾಗ

ಚಿತ್ರಕ್ಕೆ ಇನ್ನೊಂದು ಮುಖವೂ ಇದೆ. ಓಟಗಾರರೂ ಸೈಕಲ್ ಸವಾರರೂ ತಮ್ಮ ವ್ಯಾಯಾಮದ ದಾರಿಯನ್ನು ಗುರುತಿಟ್ಟುಕೊಳ್ಳಲು ಬಳಸುವ 'ಸ್ಟ್ರಾವಾ' ಎಂಬ ಸೇವೆ ಇದೆ. 2017ರ ನವೆಂಬರಿನಲ್ಲಿ ಅದು ತನ್ನ ಬಳಕೆದಾರರೆಲ್ಲರ ಓಡಾಟವನ್ನು ಒಟ್ಟುಗೂಡಿಸಿ, ಹೆಸರುಗಳನ್ನು ತೆಗೆದು, ಪ್ರಪಂಚದ ನಕ್ಷೆಯ ಮೇಲೆ ಬೆಳಕಿನ ಗೆರೆಗಳಾಗಿ ಪ್ರಕಟಿಸಿತು. ನೋಡಲು ಸುಂದರವಾಗಿತ್ತು. 2018ರ ಜನವರಿಯಲ್ಲಿ ಆಸ್ಟ್ರೇಲಿಯದ ನೇಥನ್ ರೂಸರ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಆ ನಕ್ಷೆಯನ್ನು ನೋಡುತ್ತಿದ್ದಾಗ ಒಂದು ಸಂಗತಿ ಹೊಳೆಯಿತು. ಸಿರಿಯ, ಆಫ್ಘಾನಿಸ್ತಾನಗಳಂಥ ಕಡೆ ಸುತ್ತ ಎಲ್ಲ ಕತ್ತಲೆ, ನಡುವೆ ಮಾತ್ರ ಅಚ್ಚುಕಟ್ಟಾದ ಬೆಳಕಿನ ಸುತ್ತುಗಳು. ಸೈನಿಕರು ಶಿಬಿರದ ಬೇಲಿಯ ಉದ್ದಕ್ಕೂ ಬೆಳಗ್ಗೆ ಓಡಿದ ಗೆರೆಗಳವು! ಒಬ್ಬರ ಹೆಸರೂ ಹೊರಬಿದ್ದಿರಲಿಲ್ಲ, ಸೇನಾ ಶಿಬಿರಗಳ ರೂಪುರೇಖೆ ಮಾತ್ರ ಹೊರಬಿದ್ದಿತ್ತು.

ಇದರಿಂದ ತಂದೆತಾಯಿಯರೂ ಮಕ್ಕಳೂ ಕಲಿಯಬೇಕಾದ್ದಿದೆ. ಒಂದೊಂದಾಗಿ ನೋಡಿದರೆ ಅಪಾಯವಿಲ್ಲದ ಮಾಹಿತಿ ರಾಶಿಯಾದಾಗ ಬೇರೆಯೇ ಕಥೆ ಹೇಳುತ್ತದೆ. ದಿನವೂ ಶಾಲೆಯ ಗೇಟಿನ ಮುಂದೆ ತೆಗೆದ ಫೋಟೋ, ಸಂಜೆ ಆಟದ ಮೈದಾನದ್ದು, ರಜೆಯಲ್ಲಿ ಅಜ್ಜಿಯ ಊರಿನದು ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತ ಹೋದರೆ, ಮನೆ ಯಾವಾಗ ಖಾಲಿ ಇರುತ್ತದೆ, ಮಗು ಯಾವ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂಬುದನ್ನು ಅಪರಿಚಿತರೂ ಲೆಕ್ಕ ಹಾಕಬಲ್ಲರು.

ಮನೆಯಲ್ಲೇ ಮಾಡಬಹುದಾದ ಪಾಠ

ಈ ವಿದ್ಯೆಗೆ ಬೇಕಾದ ಮೊದಲ ಪರಿಕರ ದುಬಾರಿ ಯಂತ್ರವಲ್ಲ, ಒಂದು ನೋಟ್‌ಬುಕ್ಕು. ಮನೆಯ ಬ್ಯಾಂಕ್ ಖಾತೆಯ ಲೆಕ್ಕವನ್ನು ತಿಂಗಳಿಗೊಮ್ಮೆ ಮಕ್ಕಳನ್ನೂ ಕೂರಿಸಿಕೊಂಡು ತಾಳೆ ನೋಡಬಹುದು. ಕಳೆದ ಹನ್ನೆರಡು ತಿಂಗಳ ಕರೆಂಟ್ ಬಿಲ್ಲನ್ನು ಗ್ರಾಫ್ ಹಾಳೆಯ ಮೇಲೆ ಹಾಕಿದರೆ, ಮಾಮೂಲಿ ಏರಿಳಿತ ಯಾವುದು, ಅಸಹಜ ಯಾವುದು ಎಂಬುದು ಕಣ್ಣಿಗೆ ಪಳಗುತ್ತದೆ. ಇ-ಮೇಲ್ ಖಾತೆಗಳಲ್ಲಿ ಯಾವ ಯಾವ ಸಾಧನದಿಂದ, ಎಲ್ಲಿಂದ ಪ್ರವೇಶ ಆಗಿದೆ ಎಂಬ ಪಟ್ಟಿ ಸಿಗುತ್ತದೆ. ಅದು ಸ್ಟಾಲ್ ಅವರ ದಿನಚರಿಯ ಸಣ್ಣ ರೂಪವೇ. ಪರಿಚಯವಿಲ್ಲದ ಸಾಧನ ಕಂಡರೆ ಹೊರಹಾಕಿ ಪಾಸ್‌ವರ್ಡ್ ಬದಲಾಯಿಸಬೇಕು.

ಹೀಗೆ ಆಗಾಗ ನೋಡುವುದರಿಂದ ನೇರ ಲಾಭವೂ ಇದೆ. ಖಾತೆಯಿಂದ ಹಣ ಹೋದರೆ ಎಷ್ಟು ಬೇಗ ತಿಳಿಸುತ್ತಾರೆ ಎಂಬುದರ ಮೇಲೆ ಗ್ರಾಹಕನ ಹೊಣೆ ನಿಂತಿದೆ. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಮೋಸವಾಗಿದ್ದು, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ಮೇಲೆ ಬೀಳಬಾರದು ಎಂದು ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಹೇಳಿತ್ತು. ಗುಟ್ಟಿನ ಸಂಖ್ಯೆಯನ್ನು ತಾವೇ ಬೇರೆಯವರಿಗೆ ಹೇಳಿಬಿಟ್ಟಿದ್ದರೆ ಮಾತು ಬೇರೆ. ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಗ್ರಾಹಕನದೇ. ಹಣ ಹೋದದ್ದು ಕಂಡ ಕೂಡಲೇ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಿಳಿಸಬೇಕು. ನಾಚಿಕೆಯಿಂದಲೋ ಬೈಗುಳದ ಭಯದಿಂದಲೋ ಮಕ್ಕಳು ಮುಚ್ಚಿಟ್ಟರೆ ಕಳೆದುಹೋಗುವುದು ಆ ಅಮೂಲ್ಯ ಗಂಟೆಗಳೇ. ಹಾಗಾಗಿ ಮನೆಯಲ್ಲಿ ಮೊದಲು ಇರಬೇಕಾದ ಭದ್ರತೆ, ತಪ್ಪಾದಾಗ ಬಂದು ಹೇಳಬಹುದು ಎಂಬ ಧೈರ್ಯ.

ಇದನ್ನೇ ಉದ್ಯೋಗವಾಗಿಸಿಕೊಳ್ಳಬೇಕೆನ್ನುವ ವಿದ್ಯಾರ್ಥಿಗಳು ಕಂಪ್ಯೂಟರ್ ಭಾಷೆಗಳ ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಸಂಭವನೀಯತೆಯ ಗಣಿತವನ್ನೂ ಗಟ್ಟಿ ಮಾಡಿಕೊಳ್ಳಬೇಕು. ಪಿಯುಸಿಯಲ್ಲಿ 'ಅಂಕ ಬರುತ್ತದೆ' ಎಂದಷ್ಟೇ ಓದುವ ಈ ಅಧ್ಯಾಯಗಳು ಈ ಕೆಲಸದ ನಿತ್ಯದ ಉಪಕರಣಗಳು. ಅದಕ್ಕಿಂತ ಮುಖ್ಯವಾದದ್ದು ಯಾವ ಪಠ್ಯದಲ್ಲೂ ಇಲ್ಲ: ಕಂಡದ್ದನ್ನು ಅಂದಂದೇ ಬರೆದಿಡುವ ಶಿಸ್ತು ಮತ್ತು ತಾಳೆಯಾಗದ ಸಣ್ಣ ಅಂಕಿಯನ್ನು 'ಹೋಗಲಿ ಬಿಡು' ಎನ್ನದ ಹಠ. ಮಕ್ಕಳು ಯಾವುದಾದರೂ ಲೆಕ್ಕ ಹಿಡಿದುಕೊಂಡು ಬಂದು 'ಇದು ಯಾಕೆ ಹೀಗೆ?' ಎಂದು ಮೂರನೆಯ ಸಲ ಕೇಳಿದಾಗ, ದೊಡ್ಡವರು ಗದರದೆ ಕೂತು ಉತ್ತರ ಹುಡುಕಿದರೆ ಆ ಹಠ ಉಳಿಯುತ್ತದೆ, ಬೆಳೆಯುತ್ತದೆ.